ಮೂಲೆ ಮನೆಯ ರೂಮುಗಳು ಮತ್ತು ರಸ್ತೆ ತುಂಬಿದ ಕಾರುಗಳು: ಭಾನುವಾರ ಸೇರೋಣ

ಮನೆ 9

ಎಲ್ಲರಿಗೂ ನಮಸ್ಕಾರ. ಮೂಲೆ ಮನೆಯ ವಿಷಯ ಗೇಟಿನ ಹತ್ತಿರ ಒಬ್ಬರು, ವಾಕಿಂಗ್‌ನಲ್ಲಿ ಇನ್ನೊಬ್ಬರು ಅಂತ ಬಿಡಿಬಿಡಿಯಾಗಿ ಮಾತಾಡುತ್ತಲೇ ಇದ್ದೇವೆ. ಅದರಿಂದ ಏನೂ ಆಗಿಲ್ಲ. ಎಲ್ಲವನ್ನೂ ನಮ್ಮ ರಸ್ತೆಯ ಈ ಗುಂಪಿನಲ್ಲೇ ಬರೆದು ಒಂದು ತೀರ್ಮಾನಕ್ಕೆ ಬರೋಣ.

ಆ ಮನೆಯಲ್ಲಿ ಈಗ ಏಳು ರೂಮು ಬಾಡಿಗೆಗೆ ಹೋಗಿವೆ. ಕಾರು ಆರು, ಬೈಕು ಬೇರೆ. ಮನೆಯ ಮುಂಭಾಗ ಸುಮಾರು 12 ಮೀಟರ್. ರಸ್ತೆ ಬದಿಗೆ ಉದ್ದಕ್ಕೆ ನಿಲ್ಲಿಸುವಾಗ ಒಂದು ಕಾರಿಗೆ, ಒಳಗೆ ತಿರುಗಿಸಿ ಹೊರಗೆ ತೆಗೆಯುವ ಜಾಗವೂ ಸೇರಿ, ಹೆಚ್ಚುಕಡಿಮೆ 6 ಮೀಟರ್ ಬೇಕು. ಅಂದರೆ ಅವರ ಮನೆ ಮುಂದೆ ಹಿಡಿಯುವುದು ಎರಡೇ ಕಾರು. ಉಳಿದ ನಾಲ್ಕು ನಮ್ಮ ಗೇಟುಗಳ ಮುಂದೆ ಮತ್ತು ತಿರುವಿನಲ್ಲಿ ನಿಲ್ಲುತ್ತಿವೆ. ಮೊದಲು ಅಲ್ಲಿ ಗ್ಯಾರೇಜು ಇತ್ತು, ಈಗ ಅದಕ್ಕೂ ಗೋಡೆ ಕಟ್ಟಿ ರೂಮು ಮಾಡಿದ್ದಾರೆ. ನನ್ನ ಪ್ರಕಾರ ತೊಂದರೆಯ ಬೇರು ಇರುವುದು ಅಲ್ಲೇ. ರೂಮು ಬಾಡಿಗೆಗೆ ಕೊಡುವುದು ತಪ್ಪಲ್ಲ. ಕಾರು ನಿಲ್ಲಿಸುವ ಜಾಗವನ್ನೂ ಬಾಡಿಗೆಗೆ ಕೊಟ್ಟು, ಕಾರುಗಳನ್ನು ರಸ್ತೆಗೆ ಬಿಟ್ಟಿರುವುದು ತಪ್ಪು.

ಮನೆ 12

ನನಗಂತೂ ಸಾಕಾಗಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಗೇಟಿಗೆ ಅಡ್ಡ ಯಾರದೋ ಕಾರು, ಯಾವ ರೂಮಿನವರದು ಅಂತ ಗೊತ್ತಿಲ್ಲ, ಬೆಲ್ ಒತ್ತಿದರೆ ಯಾರೂ ಬರುವುದಿಲ್ಲ, ಹಾರ್ನ್ ಹೊಡೆದರೆ ಬೇರೆ ಮನೆಯವರಿಗೆ ತೊಂದರೆ. ಒಂದು ದಿನ ನಾಲ್ಕೂ ಟೈರಿನ ಗಾಳಿ ಬಿಟ್ಟರೆ ಬುದ್ಧಿ ಬರುತ್ತದೆ. ಇಲ್ಲಾಂದ್ರೆ ಎಲ್ಲರೂ ಗೇಟಿನ ಮುಂದೆ ಕಲ್ಲು, ದೊಡ್ಡ ಕುಂಡ ಇಟ್ಟುಬಿಡೋಣ.

ಮನೆ 9

ಅಣ್ಣ, ಸಿಟ್ಟು ನ್ಯಾಯವೇ. ಆದರೆ ಗಾಳಿ ಬಿಟ್ಟ ಕಾರು ಅಲ್ಲಿಂದ ಕದಲುವುದಿಲ್ಲ, ನಿಮ್ಮ ಗೇಟಿನ ಮುಂದೆ ಇನ್ನೂ ಜಾಸ್ತಿ ಹೊತ್ತು ನಿಲ್ಲುತ್ತದೆ. ಮೇಲಾಗಿ ಅವರು ದೂರು ಕೊಟ್ಟರೆ ತಪ್ಪು ನಮ್ಮದಾಗುತ್ತದೆ. ಕಲ್ಲು, ಕುಂಡವೂ ಬೇಡ. ರಸ್ತೆ ನಮ್ಮ ಸ್ವಂತದ್ದಲ್ಲ, ಅದಕ್ಕೆ ಅಡ್ಡ ಇಡುವ ಹಕ್ಕು ಅವರಿಗೆ ಎಷ್ಟಿಲ್ಲವೋ ನಮಗೂ ಅಷ್ಟೇ ಇಲ್ಲ. ರಾತ್ರಿ ಬೈಕಿನವರು ಯಾರಾದರೂ ಗುದ್ದಿಕೊಂಡು ಬಿದ್ದರೆ ಏನು ಮಾಡುವುದು?

ಮನೆ 4

ನಮ್ಮ ಅಪ್ಪನಿಗೆ ಉಸಿರಾಟದ ತೊಂದರೆ ಇರುವುದು ಗೊತ್ತಲ್ವಾ. ಹೋದ ತಿಂಗಳು ರಾತ್ರಿ ಆಂಬುಲೆನ್ಸ್ ಬಂತು, ತಿರುವಿನಲ್ಲಿ ಎರಡು ಕಾರು ಎದುರುಬದುರು ನಿಂತಿದ್ದವು, ಒಳಗೆ ಬರಲಾಗಲಿಲ್ಲ. ಸ್ಟ್ರೆಚರನ್ನು ಅಷ್ಟು ದೂರ ತಳ್ಳಿಕೊಂಡು ಹೋದೆವು. ಅಪ್ಪ ಈಗ ಚೆನ್ನಾಗಿದ್ದಾರೆ. ಆದರೆ ಮತ್ತೆ ಹಾಗಾಗಬಾರದು. ನನ್ನ ಕಾರಿಗೆ ಜಾಗ ಸಿಗದಿದ್ದರೂ ಪರವಾಗಿಲ್ಲ, ಆ ತಿರುವು ಖಾಲಿ ಇರಬೇಕು.

ಮನೆ 15

ಮೇಡಂ ಹೇಳಿದ್ದು ಕೇಳಿ ನಿನ್ನೆ ಸಂಜೆ ಟೇಪು ಹಿಡಿದು ರಸ್ತೆ ಅಳೆದೆ. ಅಗಲ 6.5 ಮೀಟರ್. ಕನ್ನಡಿಯೂ ಸೇರಿದರೆ ಒಂದು ಕಾರು ಸುಮಾರು 2 ಮೀಟರ್ ಹಿಡಿಯುತ್ತದೆ. ಎರಡೂ ಪಕ್ಕ ಕಾರು ನಿಂತರೆ ಮಧ್ಯದಲ್ಲಿ ಉಳಿಯುವುದು 2.5 ಮೀಟರ್. ದೊಡ್ಡ ಅಗ್ನಿಶಾಮಕ ವಾಹನದ ಅಗಲವೇ ಸುಮಾರು 2.5 ಮೀಟರ್! ಅದು ಓಡಾಡಲು, ಬಾಗಿಲು ತೆರೆದು ಪೈಪು ಇಳಿಸಲು ಮೂರೂವರೆ ಮೀಟರಾದರೂ ಬೇಕು. ಒಂದೇ ಪಕ್ಕ ನಿಲ್ಲಿಸಿದರೆ 4.5 ಮೀಟರ್ ಉಳಿಯುತ್ತದೆ, ಸಾಕು. ಇನ್ನು ತಿರುವಿನಲ್ಲಿ ಉದ್ದದ ಗಾಡಿ ತಿರುಗುವಾಗ ಅದರ ಹಿಂದಿನ ಚಕ್ರ ಒಳಮೂಲೆಯನ್ನು ಸವರಿಕೊಂಡೇ ಬರುತ್ತದೆ. ಆ ಮೂಲೆಯಲ್ಲಿ ಕಾರಿದ್ದರೆ ಚಾಲಕ ಎಷ್ಟೇ ಜಾಣನಾಗಿದ್ದರೂ ಗಾಡಿ ತಿರುಗುವುದಿಲ್ಲ. ತಿರುವಿಗೆ ತೀರಾ ಹತ್ತಿರ ನಿಲ್ಲಿಸಬಾರದು ಅಂತ ಬಹಳ ಕಡೆ ನಿಯಮ ಮಾಡಿರುವುದು ಇದಕ್ಕೇ, ಎದುರಿಂದ ಬರುವವರು ಕಾಣುವುದಿಲ್ಲ ಅನ್ನುವುದು ಇನ್ನೊಂದು ಕಾರಣ.

ಗ್ಯಾರೇಜಿನ ಬಗ್ಗೆಯೂ ಒಂದು ಮಾತು. ಮಂಜೂರಾದ ನಕ್ಷೆಯಲ್ಲಿ ಅದು ಪಾರ್ಕಿಂಗ್ ಅಂತ ಇದ್ದರೆ ರೂಮು ಮಾಡಲು ಬೇರೆ ಅನುಮತಿ ಬೇಕಾಗುತ್ತದೆ. ನಕ್ಷೆ ನೋಡದೆ ಯಾರೂ ‘ಅಕ್ರಮ’ ಅನ್ನಬೇಡಿ. ಪ್ರತಿ ಕೇಳಲು ಅರ್ಜಿ ಹಾಕೋಣ, ಸಹಿ ನಾನು ಮಾಡುತ್ತೇನೆ.

ಮನೆ 6, ಮಹಡಿ

ನಾನೂ ಬಾಡಿಗೆಯವನೇ, ಅದಕ್ಕೆ ಹೇಳುತ್ತಿದ್ದೇನೆ. ಇಲ್ಲಿ ಕೆಲವು ಮೆಸೇಜುಗಳಲ್ಲಿ ‘ಆ ರೂಮಿನ ಹುಡುಗರು’ ಅಂತ ಬಂದಿದೆ, ನೋಡಿ ಬೇಜಾರಾಯಿತು. ಅವರಲ್ಲಿ ಇಬ್ಬರ ಜೊತೆ ಮಾತಾಡಿದ್ದೇನೆ. ರೂಮು ತೋರಿಸುವಾಗ ‘ಪಾರ್ಕಿಂಗ್ ಇದೆ’ ಅಂತಲೇ ಓನರ್ ಹೇಳಿದ್ದರಂತೆ. ಬಂದು ನೋಡಿದರೆ ಪಾರ್ಕಿಂಗ್ ಅಂದರೆ ರಸ್ತೆ! ಒಬ್ಬಳು ರಾತ್ರಿ ಪಾಳಿ ಮುಗಿಸಿ ಬರುತ್ತಾಳೆ, ಅಷ್ಟು ಹೊತ್ತಿಗೆ ಎಲ್ಲ ಕಡೆ ತುಂಬಿರುತ್ತದೆ, ಎಲ್ಲಿ ಸಿಗುತ್ತದೋ ಅಲ್ಲಿ ಬಿಟ್ಟು ಮಲಗುತ್ತಾಳೆ. ಅವಳ ಮೇಲೆ ಕೂಗಾಡಿ ಏನು ಪ್ರಯೋಜನ? ಅವಳು ರೂಮು ಬಿಟ್ಟರೆ ಇನ್ನೊಬ್ಬರು ಇನ್ನೊಂದು ಕಾರು ತರುತ್ತಾರೆ.

ಇನ್ನೊಂದು ವಿಷಯ, ಕೋಪ ಮಾಡಿಕೊಳ್ಳಬೇಡಿ. ಈ ರಸ್ತೆಯಲ್ಲಿ ಗ್ಯಾರೇಜು ಇರುವ ಎಷ್ಟೋ ಮನೆಗಳಲ್ಲಿ ಗ್ಯಾರೇಜಿನ ತುಂಬ ಹಳೇ ಸಾಮಾನು, ಕಾರು ಮಾತ್ರ ರಸ್ತೆಯಲ್ಲಿ. ಓನರ್ ಅದನ್ನೇ ತೋರಿಸಿ ಕೇಳಿದರೆ ನಾವು ಏನು ಹೇಳುತ್ತೇವೆ?

ಮನೆ 2

ಸರಿಯಾದ ಮಾತು. ನಮ್ಮ ಗ್ಯಾರೇಜು ಈ ವಾರ ಖಾಲಿ ಮಾಡುತ್ತೇವೆ. ಆದರೆ ನನಗೆ ಭಯ ಇರುವುದು ಬೇರೆ. ಆ ಓನರ್ ಇಲ್ಲಿ ಇರುವುದೇ ಇಲ್ಲ. ಒಮ್ಮೆ ಫೋನಿನಲ್ಲಿ ಕೇಳಿದ್ದಕ್ಕೆ ‘ರಸ್ತೆ ಎಲ್ಲರದು, ಯಾರು ಬೇಕಾದರೂ ನಿಲ್ಲಿಸಬಹುದು’ ಅಂದು ಕಟ್ ಮಾಡಿದರು. ಒಬ್ಬೊಬ್ಬರೇ ಹೋದರೆ ಹೀಗೇ ಆಗುವುದು.

ಮನೆ 15

‘ರಸ್ತೆ ಎಲ್ಲರದು’ ಅನ್ನುವುದು ನಮ್ಮ ಪರವಾಗಿಯೇ ಇರುವ ಮಾತು ಸರ್. ಎಲ್ಲರದು ಅಂದಮೇಲೆ ಒಂದು ಮನೆಯ ಬಾಡಿಗೆ ವ್ಯವಹಾರಕ್ಕೆ ಅದನ್ನು ಬಿಟ್ಟುಕೊಡಲಾಗುವುದಿಲ್ಲ. ಜಪಾನಿನಲ್ಲಿ 1962ರಲ್ಲೇ ಇದಕ್ಕೆ ಕಾನೂನು ಮಾಡಿದರು. ಅಲ್ಲಿ ಸಾಮಾನ್ಯವಾಗಿ ಕಾರು ನೋಂದಣಿಗೆ ಮೊದಲು ಅದನ್ನು ನಿಲ್ಲಿಸಲು ರಸ್ತೆ ಬಿಟ್ಟು ಬೇರೆ ಜಾಗ ಇದೆ ಅಂತ ಪ್ರಮಾಣಪತ್ರ ತೋರಿಸಬೇಕು. ಆ ಜಾಗ ಮನೆಯಿಂದ 2 ಕಿಲೋಮೀಟರ್ ಒಳಗಿದ್ದರೆ ಸಾಕು. ನಾವು ಕಾನೂನು ತರಲಾರೆವು. ಆದರೆ ಓನರ್ ತಮ್ಮ ಬಾಡಿಗೆ ಕರಾರಿನಲ್ಲಿ ಇದನ್ನೇ ಹಾಕಬಹುದಲ್ವಾ? ಜಾಗ ಇರುವಷ್ಟೇ ಕಾರು, ಉಳಿದ ರೂಮು ಕಾರಿಲ್ಲದವರಿಗೆ. ಕಾರಿಲ್ಲದೆ ರೂಮು ಹುಡುಕುವವರು ಬೇಕಾದಷ್ಟು ಇದ್ದಾರೆ, ಓನರಿಗೇನೂ ನಷ್ಟವಾಗುವುದಿಲ್ಲ.

ಮನೆ 9

ಹಾಗಾದರೆ ಇಲ್ಲಿಗೆ ಬಂದೆವು. ಓನರಿಗೆ ಪತ್ರ ಬರೆಯುತ್ತೇನೆ, ಎಲ್ಲ ಮನೆಯವರ ಸಹಿ ಇರಲಿ, ಬಾಡಿಗೆಯವರದ್ದೂ ಇರಲಿ. ಅದರಲ್ಲಿ ಬೈಗುಳ ಇರುವುದಿಲ್ಲ. ಮೂರು ವಿಷಯ ಕೇಳೋಣ. ಗ್ಯಾರೇಜು ಮತ್ತೆ ಕಾರಿಗೆ ಬಿಟ್ಟುಕೊಡುವುದು, ಹೊಸ ಕರಾರಿನಲ್ಲಿ ಕಾರಿನ ಮಿತಿ ಹಾಕುವುದು, ಮತ್ತೆ ಫೋನ್ ತೆಗೆಯುವ ಒಬ್ಬರ ನಂಬರು ಕೊಡುವುದು. ಮೂರನೆಯದು ಸಣ್ಣದು ಅನ್ನಿಸಬಹುದು, ಆದರೆ ದಿನನಿತ್ಯದ ಜಗಳ ಅರ್ಧ ಕಡಿಮೆಯಾಗುವುದು ಅದರಿಂದಲೇ. ಗೇಟಿಗೆ ಅಡ್ಡ ನಿಂತ ಕಾರು ಯಾರದು ಅಂತ ಗೊತ್ತಾದರೆ ಹತ್ತು ನಿಮಿಷದ ಕೆಲಸ, ಗೊತ್ತಾಗದಿದ್ದರೆ ಇಡೀ ಬೆಳಿಗ್ಗೆ ಹಾಳು.

ಉತ್ತರ ಕೊಡಲು ಹದಿನೈದು ದಿನ ಸಮಯ ಕೊಡೋಣ. ಅಲ್ಲಿಯವರೆಗೆ ಅಡ್ಡ ನಿಂತ ಕಾರಿನ ಫೋಟೋ ತೆಗೆದು, ದಿನ, ಹೊತ್ತು, ಯಾವ ಗೇಟು ಅಂತ ಬರೆದಿಡಿ. ಫೋಟೋ ನನಗೊಬ್ಬನಿಗೇ ಕಳಿಸಿ, ಗುಂಪಿನಲ್ಲಿ ಹಾಕಬೇಡಿ. ಯಾರ ಮುಖವೂ ಬರಬಾರದು, ಕಾರಿನ ನಂಬರು ಊರೆಲ್ಲ ಸುತ್ತಬಾರದು. ಗೇಟಿಗೆ ಪೂರ್ತಿ ಅಡ್ಡ ನಿಂತಿದ್ದರೆ ಕಾಯಬೇಕಾಗಿಲ್ಲ, ಆಗಲೇ ಟ್ರಾಫಿಕ್ ಪೊಲೀಸರಿಗೆ ಹೇಳಿ. ಓನರ್ ಒಪ್ಪದಿದ್ದರೆ ಅಳತೆ, ಫೋಟೋ, ಪತ್ರದ ಪ್ರತಿ, ಎಲ್ಲ ಸೇರಿಸಿ ಸ್ಥಳೀಯ ಆಡಳಿತಕ್ಕೂ ಅಗ್ನಿಶಾಮಕದವರಿಗೂ ಕೊಡೋಣ. ‘ಪಾರ್ಕಿಂಗ್ ತೊಂದರೆ’ ಅಂದರೆ ಕಡತ ಮೂಲೆ ಸೇರುತ್ತದೆ, ‘ಆಂಬುಲೆನ್ಸ್ ಒಳಗೆ ಬರಲಾಗಲಿಲ್ಲ’ ಅಂದರೆ ಯಾರಾದರೂ ಬಂದು ನೋಡುತ್ತಾರೆ.

ನಮ್ಮ ಕಡೆಯಿಂದ ಈ ವಾರದಿಂದಲೇ ಎಲ್ಲರೂ ಬೆಸ ನಂಬರಿನ ಪಕ್ಕ ಮಾತ್ರ ನಿಲ್ಲಿಸೋಣ, ತಿರುವಿನಿಂದ 5 ಮೀಟರ್ ಬಿಡೋಣ. ನಾವು ಮಾಡದೆ ಅವರನ್ನು ಕೇಳುವುದು ಸರಿಯಲ್ಲ.

ಮನೆ 12

ಬೆಸ ಪಕ್ಕದಲ್ಲಿ ಜಾಗ ಸಾಲುತ್ತದಾ? ನನ್ನದು ಸಮ ಪಕ್ಕ, ದೂರ ಬಿಟ್ಟು ನಡೆಯಬೇಕಾಗುತ್ತದೆ.

ಮನೆ 2

ಗ್ಯಾರೇಜುಗಳು ಖಾಲಿಯಾದರೆ ಸಾಲುತ್ತದೆ. ಸಾಲದಿದ್ದರೆ ರಾತ್ರಿ ಹೊತ್ತು ನಮ್ಮ ಗೇಟಿನ ಒಳಗೆ ಒಂದು ಕಾರಿಗೆ ಜಾಗ ಇದೆ, ನೀವು ಹಾಕಿಕೊಳ್ಳಿ ಸರ್.

ಮನೆ 12

ಆಯ್ತು, ಒಪ್ಪಿದೆ. ಗಾಳಿ ಬಿಡುವ ಮಾತು ಬಿಟ್ಟೆ.

ಮನೆ 6, ಮಹಡಿ

ಮೂಲೆ ಮನೆಯ ಇಬ್ಬರು ಭಾನುವಾರ ಬರುತ್ತಾರೆ, ಈಗಷ್ಟೇ ಕೇಳಿದೆ. ರಾತ್ರಿ ಪಾಳಿಯವಳು ನಿದ್ದೆ ಮುಗಿಸಿ ಬರಬೇಕು, ಹಾಗಾಗಿ ಬೆಳಿಗ್ಗೆ ಬದಲು ಸಂಜೆ 5ಕ್ಕೆ ಇಡಬಹುದಾ?

ಮನೆ 9

ಸಂಜೆ 5ಕ್ಕೇ ಇರಲಿ, ಮನೆ 4ರ ಮುಂದೆ. ಮೇಡಂ ಅಪ್ಪನನ್ನು ಬಿಟ್ಟು ದೂರ ಬರಲಾಗುವುದಿಲ್ಲ. ಮನೆ 15 ಸರ್, ಟೇಪು ಮರೆಯಬೇಡಿ, ತಿರುವಿನಲ್ಲಿ ಗುರುತು ಹಾಕಲು ಸುಣ್ಣದ ಕಡ್ಡಿ ನಾನು ತರುತ್ತೇನೆ. ಸಹಿಗೆ ಬರಲಾಗದವರು ಶನಿವಾರವೇ ತಿಳಿಸಿ, ಮನೆಗೇ ಬಂದು ತೆಗೆದುಕೊಳ್ಳುತ್ತೇನೆ.