ಹಿತ್ತಲು ಸೇರಿದ ಸೌಟು

ಅಡುಗೆಮನೆಯಿಂದ ಹಿತ್ತಲಿಗೆ ಒಮ್ಮೆ ಇಳಿದ ಸೌಟು ಮತ್ತೆ ಒಲೆಯ ಬಳಿ ಬಂದ ನಿದರ್ಶನ ಇಡೀ ಚಿಕ್ಕಮಗಳೂರು ಜಿಲ್ಲೆಯಲ್ಲಿ ಸಿಗುವುದಿಲ್ಲ ಎಂದು ಗೌಡರು ಘೋಷಿಸಿದರು. ಅದು ಲೋಕಾಭಿರಾಮದ ಮಾತಲ್ಲ, ಒಳಗೆ ಕಾಫಿಯನ್ನು ಬಟ್ಟೆಯಲ್ಲಿ ಸೋಸುತ್ತಿದ್ದ ಪದ್ಮಕ್ಕನ ಮೇಲೆ ಹೂಡಿದ ದಾವೆ ಎಂಬುದು ಜಗಲಿಯಲ್ಲಿ ಕುಳಿತಿದ್ದ ಮೇಷ್ಟರಿಗೂ ನನಗೂ ಕೂಡಲೇ ತಿಳಿಯಿತು. ಗೌಡರ ತೋಟದಲ್ಲಿ ಕಳೆ ಕೊಚ್ಚುವ ಯಂತ್ರವಿದೆ, ಗುಂಡಿ ತೋಡುವ ಯಂತ್ರವಿದೆ, ನೆರಳು ಮರಗಳ ಕೊಂಬೆ ಸವರುವ ಮರಗಸಿಗೆ ಬೇಕಾದ ಏಣಿ, ಕತ್ತಿ, ಹಗ್ಗಗಳೆಲ್ಲ ಇವೆ. ಇಷ್ಟೆಲ್ಲ ಇದ್ದೂ ಮನೆಯ ಹೂದೋಟದ ಕೆಲಸಕ್ಕೆ ಪದ್ಮಕ್ಕನಿಗೆ ಬೇಕಾಗುವುದು ಗೌಡರ ನಿತ್ಯ ಬಳಕೆಯ ವಸ್ತುಗಳೇ ಎಂಬುದು ದೂರಿನ ಸಾರಾಂಶ.

"ಮಗ ಬೆಂಗಳೂರಿನಿಂದ ಹಸಿರು ಹಿಡಿಯ ಸಲಕರಣೆಗಳ ಒಂದು ಪೆಟ್ಟಿಗೆಯನ್ನೇ ತಂದುಕೊಟ್ಟಿದ್ದಾನೆ. ಅದು ದೇವರ ಪಟದಂತೆ ಗೋಡೆಯ ಮೇಲಿದೆ, ಧೂಳು ಒರೆಸುವುದನ್ನು ಬಿಟ್ಟರೆ ಅದಕ್ಕೆ ಬೇರೆ ಸೇವೆಯಿಲ್ಲ," ಎಂದರು ಗೌಡರು.

ಪದ್ಮಕ್ಕ ಕಾಫಿಯ ಲೋಟಗಳೊಂದಿಗೆ ಸಾಕ್ಷ್ಯವನ್ನೂ ಹಿಡಿದು ಬಂದರು. ಅದೊಂದು ಉದ್ದ ಹಿಡಿಯ ಸ್ಟೀಲಿನ ಚಮಚ. ಕುಂಡದ ಒಳಮೈಯನ್ನು ಸದಾ ಒಂದೇ ಕಡೆಯಿಂದ ಕೆರೆದು ಕೆರೆದು ಅದರ ಎಡ ಅಂಚು ಓರೆಯಾಗಿ ಸವೆದಿತ್ತು. ಹಿಡಿಯ ಬುಡದಲ್ಲಿ ಹೆಬ್ಬೆರಳು ಕೂರುವ ಜಾಗವಷ್ಟೇ ಹೊಳೆಯುತ್ತಿತ್ತು. "ಕುಂಡದ ಬಾಯಿ ಒಂದು ಗೇಣು. ಅದರೊಳಗೆ ನಿಮ್ಮ ಹಸಿರು ಹಿಡಿಯ ಕರಣೆಯನ್ನು ಆಡಿಸಿದರೆ ಮಣ್ಣಿನೊಂದಿಗೆ ಬೇರೂ ಮೇಲೆ ಬರುತ್ತದೆ. ಈ ಚಮಚವಾದರೆ ಎರಡೆಲೆಯ ಸಸಿಯನ್ನು ಹಿಡಿಮಣ್ಣಿನ ಸಮೇತ ಎತ್ತಿ, ಅದಕ್ಕೆ ಗೊತ್ತಾಗದಂತೆ ಬೇರೆ ಕಡೆ ಕೂರಿಸುತ್ತದೆ," ಎಂದು ಅವರು ವಾದಿಸಿದರು. ವಾದದಲ್ಲಿ ಹುರುಳಿದೆ ಎಂದು ನನಗನ್ನಿಸಿತು. ಅಂಗಡಿಯ ಸಲಕರಣೆ ಯಾರದೋ ಕೈಯನ್ನು ಊಹಿಸಿಕೊಂಡು ಮಾಡಿದ್ದು; ಚಮಚವಾದರೋ ನಮ್ಮ ಕೈಯಲ್ಲಿಯೇ ಪಳಗಿದ್ದು.

ದೋಸೆ ಮಗುಚುವ ಕೈಯ ವಿಚಾರ ಬಂದಾಗ ಗೌಡರ ದನಿ ಏರಿತು. ಮಲೆನಾಡಿನ ಮಳೆಗೆ ಅಂಗಳದ ಕಲ್ಲಿನ ಮೇಲೆ ಕಟ್ಟುವ ಪಾಚಿಯನ್ನು ಪೊರಕೆಯಿಂದ ಉಜ್ಜಿದರೆ ಅದು ಇನ್ನಷ್ಟು ಜಾರುತ್ತದೆಯೇ ಹೊರತು ಏಳುವುದಿಲ್ಲ, ಆದರೆ ಮಗುಚುವ ಕೈಯ ತೆಳ್ಳನೆಯ ಅಂಚನ್ನು ಅಡಿಗೆ ತೂರಿಸಿದರೆ ಪಾಚಿ ಇಡಿಯಾಗಿ ಹಾಳೆಯಾಗಿ ಎದ್ದುಬರುತ್ತದೆ ಎಂಬುದು ಪದ್ಮಕ್ಕನ ಸಂಶೋಧನೆ. "ಅದರ ಫಲವಾಗಿ ನನ್ನ ದೋಸೆ ಮಾತ್ರ ಕಾವಲಿಯಿಂದ ಇಡಿಯಾಗಿ ಏಳುತ್ತಿಲ್ಲ," ಎಂದು ಗೌಡರು ಗೊಣಗಿದರು.

"ಕೊಡೆಯ ಕತೆಯನ್ನೂ ಹೇಳಿಬಿಡಿ," ಎಂದು ನಾನು ಕೆಣಕಿದೆ.

ಹೇಳುವ ಅಗತ್ಯವಿರಲಿಲ್ಲ, ಅದು ಅಂಗಳದಲ್ಲಿಯೇ ನಿಂತಿತ್ತು. ಮಳೆಗಾಲದಲ್ಲಿ ನಮ್ಮ ಕಡೆಯ ಹೆಂಗಸರಿಗೆ ಡೇರೆ, ಅಂದರೆ ಡೇಲಿಯಾ ಹೂವಿನ ಮೇಲಿರುವ ಮಮತೆಗೆ ಎಣೆಯಿಲ್ಲ. ಗೆಡ್ಡೆಗಳು ನೆಂಟರ ಚೀಲದಲ್ಲಿ ಊರಿಂದೂರಿಗೆ ಪ್ರಯಾಣ ಮಾಡುತ್ತವೆ. ಆದರೆ ಡೇರೆಯ ಕಾಂಡ ಒಳಗೆ ಟೊಳ್ಳು. ತಟ್ಟೆಯಗಲದ ಹೂವು ನೀರು ಕುಡಿದು ಭಾರವಾದರೆ ಗಿಡ ಲಟಕ್ಕನೆ ಮುರಿಯುತ್ತದೆ. ಅದಕ್ಕೆ ಆಸರೆಯಾಗಿ ಪದ್ಮಕ್ಕ ಗೌಡರ ಮೂರು ತಲೆಮಾರಿನ ಕೊಡೆಗಳನ್ನು ಬಿಚ್ಚಿ, ಎತ್ತರದ ಗಿಡಕ್ಕೆ ಕಾವನ್ನೂ ಕುಳ್ಳ ಗಿಡಕ್ಕೆ ಕಡ್ಡಿಯನ್ನೂ ಊರಿದ್ದರು. ಕಟ್ಟಿದ್ದು ಗೌಡರ ಹಳೆಯ ಪಂಚೆಯ ಅಂಚಿನಿಂದ. ನಾರಿನ ಹುರಿ ಕಾಂಡವನ್ನು ಕೊಯ್ಯುತ್ತದೆ, ಹತ್ತಿಯ ಬಟ್ಟೆ ಕೊಯ್ಯುವುದಿಲ್ಲ. ಅದನ್ನೂ ಬಿಗಿಯಾಗಿ ಸುತ್ತದೆ 8ರ ಆಕಾರದಲ್ಲಿ ಹಾಕಿದರೆ ಗಿಡ ಗಾಳಿಗೆ ಓಲಾಡಿದರೂ ಕಡ್ಡಿಗೆ ಉಜ್ಜುವುದಿಲ್ಲ. 1963ರಿಂದ ಮೆಕ್ಸಿಕೋದ ರಾಷ್ಟ್ರೀಯ ಪುಷ್ಪವಾಗಿರುವ ಹೂವು ಗೌಡರ ಕೊಡೆಯ ಕಾವನ್ನು ಹಿಡಿದು, ಗೌಡರ ಪಂಚೆಯುಟ್ಟು ನಿಂತಿದೆ ಎಂದು ಮೇಷ್ಟರು ಹೇಳಿದಾಗ ಗೌಡರಿಗೂ ನಗು ತಡೆಯಲಾಗಲಿಲ್ಲ.

ಮೆಕ್ಸಿಕೋ ಎಂದದ್ದೇ ತಡ, ಮೇಷ್ಟರಿಗೆ ಪಾಠದ ಉಮೇದು ಬಂತು. ಈ ಶತಮಾನದ ಮೊದಲ ವರ್ಷಗಳಲ್ಲಿ ಮಲೆನಾಡಿಗೆಲ್ಲ ವೆನಿಲಾ ಹುಚ್ಚು ಹಿಡಿದಿದ್ದುದು ನೆನಪಿದೆಯೇ ಎಂದು ಅವರು ಕೇಳಿದರು. ನೆನಪಿಲ್ಲದೆ ಏನು? ಬಳ್ಳಿಗೆ ರಾತ್ರಿ ಕಾವಲು ಕೂತವರೂ, ಆಮೇಲೆ ಬೆಲೆ ಕುಸಿದಾಗ ಅದೇ ಬಳ್ಳಿಯನ್ನು ಕಿತ್ತೆಸೆದವರೂ ಈ ಜಗಲಿಯಲ್ಲಿಯೇ ಕುಳಿತಿದ್ದಾರೆ. ವೆನಿಲಾ ಕೂಡ ಮೆಕ್ಸಿಕೋ ಕಡೆಯದೇ. ಬೇರೆ ನಾಡುಗಳಿಗೆ ಒಯ್ದಾಗ ಬಳ್ಳಿ ಹಬ್ಬಿತು, ಹೂವೂ ಬಿಟ್ಟಿತು, ಕಾಯಿ ಮಾತ್ರ ಕಟ್ಟಲಿಲ್ಲ. ಏಕೆಂದರೆ ಹೂವಿನೊಳಗೆ ಪರಾಗಕ್ಕೂ ಅದನ್ನು ಸ್ವೀಕರಿಸುವ ಹೆಣ್ಣು ಭಾಗದ ತುದಿಯಾದ ಶಲಾಕಾಗ್ರಕ್ಕೂ ನಡುವೆ ಒಂದು ತೆಳುಪೊರೆ ಅಡ್ಡ ನಿಂತಿರುತ್ತದೆ, ಪರಾಗವನ್ನು ಅದರಾಚೆ ದಾಟಿಸುವ ತವರಿನ ಕೀಟಗಳು ಬೇರೆ ನಾಡುಗಳಲ್ಲಿ ಇರಲಿಲ್ಲ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಬಾಲಕ ಒಂದು ಸಣ್ಣ ಕಡ್ಡಿಯಿಂದ ಆ ಪೊರೆಯನ್ನೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಿ ತೋರಿಸಿದ. ಇಂದಿಗೂ ವೆನಿಲಾ ತೋಟಗಳಲ್ಲಿ ನಡೆಯುವುದು ಅದೇ ಕ್ರಮ. ಹೂವು ಅರಳಿ ನಿಲ್ಲುವುದು ಒಂದೇ ದಿನವಾದ್ದರಿಂದ ಬೆಳಗ್ಗೆಯೇ ಕೆಲಸ ಮುಗಿಸಬೇಕು.

"ನಾವು ಮಾಡಿದ್ದು ಕಡ್ಡಿಪೊರಕೆಯ ಕಡ್ಡಿಯಲ್ಲಿ," ಎಂದರು ಪದ್ಮಕ್ಕ. "ಅದಕ್ಕೆಂದು ಯಾರೋ ಮಾರುತ್ತಿದ್ದ ಸೂಜಿಯನ್ನು ಇವರು ದುಡ್ಡು ಕೊಟ್ಟು ತಂದಿದ್ದರು, ಅದು ಹೂವನ್ನೇ ಹರಿಯುತ್ತಿತ್ತು."

ಗೌಡರು ಸೂಜಿಯ ಮಾತನ್ನು ಮುಂದುವರಿಸಲು ಬಿಡದೆ ಪ್ರಧಾನ ಆರೋಪಕ್ಕೆ ಬಂದರು. ಮನೆಯ ಹಿತ್ತಾಳೆಯ ಕಾಫಿ ಫಿಲ್ಟರಿನ ಮೇಲಿನ ಪಾತ್ರೆ ಮುಂಗಾರಿಗೆ ಮುಂಚೆಯೇ ಕಾಣೆಯಾಗಿದೆ, ಕಾಫಿ ಬೆಳೆಗಾರನ ಮನೆಯಲ್ಲಿ ಕಾಫಿಯನ್ನು ಬಟ್ಟೆಯಲ್ಲಿ ಸೋಸುವ ಸ್ಥಿತಿ ಬಂದಿದೆ, ಇದಕ್ಕೇನು ಸಮಾಧಾನ? ಪದ್ಮಕ್ಕ ಅಳುಕಲಿಲ್ಲ. ಪೆಟೂನಿಯಾದ ಬೀಜ ಧೂಳಿನಷ್ಟು ಸಣ್ಣದು, ಗಿಡಕ್ಕೆ ನೀರೆರೆಯುವ ಪೂವಾಳಿಯಲ್ಲಿ ನೀರು ಹಾಕಿದರೆ ಬೀಜವೆಲ್ಲ ಕುಂಡದ ಒಂದು ಮೂಲೆಗೆ ಕೊಚ್ಚಿಕೊಂಡು ಹೋಗುತ್ತದೆ, ಫಿಲ್ಟರಿನ ತೂತುಗಳಿಂದಾದರೆ ಸೋನೆಮಳೆಯ ಹಾಗೆ ಹನಿ ಬೀಳುತ್ತದೆ ಎಂದರು. ಬೀಜ ಮೊಳೆತು ತಿಂಗಳಾಗಿದೆಯಲ್ಲ ಎಂದು ಗೌಡರು ಪ್ರಶ್ನಿಸಿದರೆ, ಮುಂದಿನ ಬಿತ್ತನೆಗೆ ಬೇಕಲ್ಲ ಎಂಬ ಉತ್ತರ ಸಿದ್ಧವಾಗಿತ್ತು.

"ಅಷ್ಟಕ್ಕೂ," ಎಂದು ಪದ್ಮಕ್ಕ ಸೆರಗು ಸಿಕ್ಕಿಸಿಕೊಂಡರು, "ನಮ್ಮತ್ತೆಯ ಕಾಲದ ಹಿತ್ತಾಳೆಯ ಪಾವು ಗೊಬ್ಬರದ ಮೂಟೆಯೊಳಗೆ ಏನು ಮಾಡುತ್ತಿದೆ?"

ಗೌಡರು ಕಾಫಿಯನ್ನು ದೀರ್ಘವಾಗಿ ಹೀರಿದರು. ಮಳೆಗೆ ಮುನ್ನ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಕಾಫಿ ಗಿಡಗಳಿಗೆ ಗೊಬ್ಬರ ಹಾಕುವಾಗ ಆಳುಗಳ ಹಿಡಿ ಒಬ್ಬರದು ದೊಡ್ಡದು, ಒಬ್ಬರದು ಚಿಕ್ಕದು. ಅಳತೆಗೆ ಆ ಪಾವಿನಷ್ಟು ನೆಚ್ಚಿಕೆಯ ವಸ್ತು ಬೇರೊಂದಿಲ್ಲ ಎಂದು ವಿವರಿಸಿ, ಅದು ಕೃಷಿ, ಇದು ಬರಿಯ ಹೂವಿನ ಚಪಲ ಎಂಬ ವ್ಯತ್ಯಾಸವನ್ನು ಗಮನಿಸಬೇಕೆಂದು ನಮ್ಮಿಬ್ಬರನ್ನೂ ಕೋರಿದರು. ಮೇಷ್ಟರು ಸೂರಿನ ಕಡೆ ನೋಡಿದರು.

ಪಾವು ಬಂದ ದಿನ ಫಿಲ್ಟರು ಬರುತ್ತದೆ ಎಂದು ಪದ್ಮಕ್ಕ ರಾಜಿಸೂತ್ರ ಮುಂದಿಟ್ಟರು. ಗೊಬ್ಬರದ ಸಹವಾಸದಲ್ಲಿ ಹಿತ್ತಾಳೆಗೆ ಎಂಥ ಕಿಲುಬು ಹಿಡಿದಿರುತ್ತದೆ ಎಂಬುದನ್ನು ಬಲ್ಲ ಗೌಡರು, ಮಳೆಯಲ್ಲಿ ಮೂಟೆಯ ಬಾಯಿ ಬಿಚ್ಚಿದರೆ ಗೊಬ್ಬರವೆಲ್ಲ ನೀರಾಗುವುದರಿಂದ ಆ ವಿಚಾರವನ್ನು ದೀಪಾವಳಿಯ ನಂತರ ನೋಡೋಣವೆಂದೂ, ಬಟ್ಟೆಯಲ್ಲಿ ಸೋಸಿದ ಕಾಫಿಯೂ ಅಷ್ಟೇನೂ ಕೆಟ್ಟದಾಗಿಲ್ಲವೆಂದೂ ಹೇಳಿದರು.