ಲೈನ್‌ಮನೆ ಮಕ್ಕಳ ಕೈಗೆ ಹೋಗಬೇಕಿದ್ದ ಗಮ್ಮಿ, ಮತ್ತೆ ಆ ಡೆಲ್ಟಾ 8 ಪ್ರಶ್ನೆಗೆ ನನ್ನ ಉತ್ತರ

ಎಲ್ರಿಗೂ ನಮಸ್ಕಾರ. ರಜಕ್ಕೆ ಊರಿಗೆ ಬಂದಿದೀನಿ, ಸೋಮವಾರಪೇಟೆ ಹತ್ರ ನಮ್ಮ ತೋಟದ ಮನೆ, ಇಲ್ಲಿ ನೆಟ್ವರ್ಕ್ ಸಿಗೋದು ಕಾಫಿ ಕಣದ ಮೂಲೇಲಿ ನಿಂತ್ರೆ ಮಾತ್ರ, ಉತ್ತರ ಲೇಟಾದ್ರೆ ಬೇಜಾರ್ ಮಾಡ್ಕೋಬೇಡಿ.

ಹೋದ ವಾರ ಈ ಗುಂಪಲ್ಲಿ ಒಬ್ರು ಅಕ್ಕ ಕೇಳಿದ್ರಲ್ಲ, ಹೈಸ್ಕೂಲ್ ಓದೋ ಮಗನ ಬ್ಯಾಗಲ್ಲಿ ಡೆಲ್ಟಾ 8 (ಗಾಂಜಾದ ಥರಾನೇ ಅಮಲೇರಿಸೋ ವಸ್ತು) ಅಂತ ಬರೆದಿರೋ ಪ್ಯಾಕೆಟ್ ಸಿಕ್ತು, ಪೆಟ್ರೋಲ್ ಬಂಕ್ ಅಂಗಡೀಲೇ ಮಾರ್ತಾರೆ ಅಂದ್ಮೇಲೆ ಅಷ್ಟೇನೂ ಗಾಬರಿ ಬೀಳೋದು ಬೇಡ ಅಲ್ವಾ ಅಂತ. ಅರ್ಧ ಜನ ಹುಡುಗನ್ನ ಇಂಡಿಯಾಕ್ಕೆ ಕಳಿಸಿಬಿಡಿ ಅಂದ್ರಿ, ಇನ್ನರ್ಧ ಜನ ಅದು ಸಿಬಿಡಿ (ಅದೇ ಗಿಡದ್ದು, ಆದ್ರೆ ಅಮಲೇರಿಸದ ವಸ್ತು) ಥರ, ಏನೂ ಆಗಲ್ಲ ಬಿಡಿ ಅಂದ್ರಿ. ನನಗೆ ಎರಡೂ ಸರಿ ಅನ್ನಿಸ್ಲಿಲ್ಲ. ಆದ್ರೆ ಆಗ ಸುಮ್ನಿದ್ದೆ. ಈಗ ಬಾಯಿ ಬಿಡೋ ಹಾಗೆ ಆಗಿದೆ.

ನಾವಿರೋದು ಟೆಕ್ಸಾಸ್. ಬಂದ ಮಾರನೇ ದಿನ ಸೂಟ್‌ಕೇಸ್ ಬಿಚ್ಚಿ ಚಾಕಲೇಟೆಲ್ಲ ಊಟದ ಮೇಜಿನ ಮೇಲೆ ಸುರಿದ್ವಿ, ನಿಮ್ಮನೇಲೂ ಇದೇ ತಾನೇ, ಅಮ್ಮ ಕೂತ್ಕೊಂಡು ಪಾಲು ಹಾಕೋದು, ಇದು ಪಕ್ಕದ ಮನೆಗೆ, ಇದು ಅತ್ತೆ ಮನೆಗೆ, ಇದು ಲೈನ್‌ಮನೆ (ತೋಟದ ಕೆಲ್ಸದವರ ಸಾಲುಮನೆ) ಮಕ್ಕಳಿಗೆ. ಕಾಫಿ ಕುಯ್ಲು ನಡೀತಿರೋದ್ರಿಂದ ಲೈನಲ್ಲಿ ಈಗ ಮಕ್ಕಳು ಜಾಸ್ತಿ. ಅಮ್ಮ ಒಂದು ಕವರ್ ಎತ್ತಿ "ಇದೇನೋ ಜೆಲ್ಲಿ ಥರ ಇದೆ ಮಗಾ, ಪುಟ್ ಪುಟ್ಟದು, ಲೈನ್‌ಮನೆಗೆ ಇದೇ ಕೊಟ್ಬಿಡ್ಲಾ, ಎಲ್ರಿಗೂ ಆಗುತ್ತೆ" ಅಂದ್ರು. ನೋಡಿದ್ರೆ ಡೆಲ್ಟಾ 8 ಗಮ್ಮಿ. ನನಗೆ ಕೈಕಾಲೇ ಆಡ್ಲಿಲ್ಲ. ಅಲ್ಲೇ ಎಲ್ಲರ ಮುಂದೆ 15 ವರ್ಷದ ಮಗನ ಮೇಲೆ ಎಗರಾಡಿಬಿಟ್ಟೆ. ಅವ್ನು ಮುಖ ಕೆಂಪಗೆ ಮಾಡ್ಕೊಂಡು ನಿಂತಿದ್ದು ಮೆತ್ತಗೆ ಹೇಳ್ದ, "ಅಪ್ಪಾ, ಅದು ನಿಮ್ಮ ಶೇವಿಂಗ್ ಪೌಚಲ್ಲಿ ಇದ್ದಿದ್ದು."

ಹೌದು, ನಂದೇ. ನೈಟ್ ಶಿಫ್ಟ್ ಕಾಲ್‌ಗಳಿಂದ ನಿದ್ದೆ ಕೆಟ್ಟು ಹೋಗಿತ್ತು, ಆಫೀಸಲ್ಲಿ ಒಬ್ಬ ಹೇಳ್ದ ಅಂತ ತಗೊಂಡಿದ್ದೆ, ಎರಡೋ ಮೂರೋ ತಿಂದು ಪೌಚಲ್ಲೇ ಮರೆತಿದ್ದೆ. ಆ ಮೊದಲನೇ ಸಲದ ಕಥೆ ಆಮೇಲೆ ಹೇಳ್ತೀನಿ.

ರಾತ್ರಿ ನನ್ನ ಬಾವ ಕೇಳ್ದ, ಇದು ಗಾಂಜಾನಾ ಅಲ್ವಾ, ಒಂದು ಮಾತಲ್ಲಿ ಹೇಳು ಅಂತ. ಒಂದು ಮಾತಲ್ಲಿ ಆಗಲ್ಲ, ಕಾಫಿ ಲೆಕ್ಕದಲ್ಲಿ ಹೇಳ್ದೆ. ಗಾಂಜಾ ಗಿಡದಲ್ಲಿ ಅಮಲೇರಿಸೋ ಮುಖ್ಯ ವಸ್ತು ಡೆಲ್ಟಾ 9 ಟಿಎಚ್‌ಸಿ, 1964ರಲ್ಲಿ ಇಸ್ರೇಲಲ್ಲಿ ಮೆಕೂಲಮ್ ಮತ್ತೆ ಗಾವೋನಿ ಅನ್ನೋರು ಅದನ್ನ ಬೇರ್ಪಡಿಸಿ ರಚನೆ ತೋರಿಸಿದ್ರು. ಡೆಲ್ಟಾ 8 ಅಂದ್ರೆ ಅದೇ ಅಣು, ಒಂದು ಡಬಲ್ ಬಾಂಡ್ ಪಕ್ಕದ ಕಾರ್ಬನ್ನಿಗೆ ಸರಿದಿರುತ್ತೆ ಅಷ್ಟೇ. ಮೆದುಳಲ್ಲಿ ಸಿಬಿ1 ಅನ್ನೋ ಅದೇ ರಿಸೆಪ್ಟರಿಗೆ (ಇಂಥ ವಸ್ತು ಬಂದು ಅಂಟ್ಕೊಳ್ಳೋ ಜಾಗ) ಹೋಗಿ ಕೂರುತ್ತೆ, ಸ್ವಲ್ಪ ಸಡಿಲವಾಗಿ ಕೂರುತ್ತೆ, ಹಾಗಾಗಿ ಜೋರು ಕಮ್ಮಿ. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಮ್ಮಿ ಎರಡರಷ್ಟು, ಹಾಗಂತ ಅರೇಬಿಕಾ ಕುಡಿದ್ರೆ ನಿದ್ದೆ ಕೆಡೋದೇ ಇಲ್ಲ ಅಂತ ನಮ್ಮೂರಲ್ಲಿ ಯಾರಾದ್ರೂ ಹೇಳ್ತಾರಾ? ಎರಡು ಲೋಟ ಕುಡಿದ್ರೆ ಆಯ್ತು. ಸಿಬಿಡಿ ಬೇರೆ, ಅದು ಮತ್ತು ಬರ್ಸಲ್ಲ. ಡೆಲ್ಟಾ 8ನ್ನ ಸಿಬಿಡಿ ಸಾಲಿಗೆ ಸೇರಿಸಿದವರು ದಯವಿಟ್ಟು ಇದನ್ನ ಇನ್ನೊಂದ್ಸಲ ಓದಿ.

ಇನ್ನೊಂದು ವಿಷಯ, ಗಿಡದಲ್ಲಿ ಡೆಲ್ಟಾ 8 ಇರೋದು ಚೂರೇ ಚೂರು. ಅಂಗಡೀಲಿ ಸಿಗೋದು, ಗಾಂಜಾ ಜಾತಿಯದೇ ಆದ್ರೂ ಅಮಲಿನಂಶ ತೀರಾ ಕಮ್ಮಿ ಇರೋ ಹೆಂಪ್‌ನಿಂದ ತೆಗೆದ ಸಿಬಿಡಿಗೆ ಆ್ಯಸಿಡ್ ಹಾಕಿ ಮಾರ್ಪಾಡು ಮಾಡಿರೋದು. ಆ ಕೆಲ್ಸದಲ್ಲಿ ಬೇರೆ ಏನೇನೋ ಹುಟ್ಕೊಳ್ಳುತ್ತೆ, ಅದನ್ನೆಲ್ಲ ಸರಿಯಾಗಿ ತೆಗೆದಿದಾರಾ ಇಲ್ವಾ ಅನ್ನೋದು ಮಾಡಿದವನ ಕೈಲಿದೆ. ನನಗೆ ಡೆಲ್ಟಾ 8ರ ಮತ್ತಿಗಿಂತ ಈ ಭಾಗನೇ ಹೆಚ್ಚು ಭಯ.

ಟಿಎಚ್‌ಸಿಎ ಅಂತಾನೂ ಮಾರ್ತಾರೆ, ಹೂವಿನ ರೂಪದಲ್ಲಿ. ಅದು ಹಸಿ ಕಾಫಿ ಬೀಜ ಇದ್ದ ಹಾಗೆ, ಹಾಗೇ ಅಗಿದ್ರೆ ಘಮನೂ ಇಲ್ಲ ಏನೂ ಇಲ್ಲ, ಹುರಿದ್ರೆ ಗೊತ್ತಾಗುತ್ತೆ. ಬೆಂಕಿ ತಾಗಿದ ತಕ್ಷಣ ಅದು ಡೆಲ್ಟಾ 9 ಆಗುತ್ತೆ, 100 ಮಿಲಿಗ್ರಾಂ ಪೂರ್ತಿ ಬದಲಾದ್ರೆ ಸುಮಾರು 88 ಮಿಲಿಗ್ರಾಂ. ಅಂದ್ರೆ ಹೆಸರು ಬೇರೆ, ಸೇದೋನಿಗೆ ಸಿಗೋದು ಗಾಂಜಾನೇ. ಡೆಲ್ಟಾ 10, ಎಚ್‌ಎಚ್‌ಸಿ ಇವೆಲ್ಲ ಡೆಲ್ಟಾ 8ರ ದಾಯಾದಿಗಳು. ಟಿಎಚ್‌ಸಿಪಿ ಅಂತ ಒಂದಿದೆ, 2019ರಲ್ಲಿ ಇಟಲಿಯವರು ಪತ್ತೆ ಮಾಡಿದ್ದು, ಲ್ಯಾಬಲ್ಲಿ ಅದು ರಿಸೆಪ್ಟರಿಗೆ ಅಂಟೋದು ಡೆಲ್ಟಾ 9ಕ್ಕಿಂತ ಸುಮಾರು 30 ಪಟ್ಟು ಗಟ್ಟಿ. ಪ್ಯಾಕೆಟಲ್ಲಿ 'ಪಿ' ಅಕ್ಷರ ಕಂಡ್ರೆ ಅದನ್ನ ಹಗುರವಾಗಿ ತಗೋಬೇಡಿ.

ಆದ್ರೆ ಹೆಸರಿಗಿಂತ ಮುಖ್ಯ, ಸೇದಿದ್ರಾ ತಿಂದ್ರಾ ಅನ್ನೋದು. ಈಗ ನನ್ನ ಕಥೆ. ಒಂದು ಗಮ್ಮಿ ತಿಂದೆ, ಮುಕ್ಕಾಲು ಗಂಟೆ ಏನೂ ಇಲ್ಲ, ದುಡ್ಡು ದಂಡ ಅಂದ್ಕೊಂಡು ಇನ್ನೊಂದು ತಿಂದೆ. ಎರಡು ಗಂಟೆ ಕಳೆದ್ಮೇಲೆ ಎದೆ ಡವಡವ, ಬಾಯಿ ಒಣಗಿ ಹೋಯ್ತು, ಬಾತ್‌ರೂಮಿಗೆ ಹೋಗೋ ದಾರಿ ಭಾಗಮಂಡಲಕ್ಕೆ ನಡ್ಕೊಂಡು ಹೋದಷ್ಟು ಉದ್ದ ಅನ್ನಿಸ್ತು. ಹೆಂಡ್ತಿ ರಾತ್ರಿಯಿಡೀ ಪಕ್ಕದಲ್ಲಿ ಕೂತಿದ್ಲು, ಮಾರನೇ ದಿನ ಮಧ್ಯಾಹ್ನದವರೆಗೂ ತಲೆ ಭಾರ. ಆಮೇಲೆ ಓದಿ ತಿಳ್ಕೊಂಡೆ. ಸೇದಿದ್ರೆ ಕೆಲವೇ ನಿಮಿಷದಲ್ಲಿ ಏರುತ್ತೆ, ಎರಡು ಮೂರು ಗಂಟೇಲಿ ಇಳಿಯುತ್ತೆ. ತಿಂದ್ರೆ ಹೊಟ್ಟೆಯಿಂದ ಲಿವರಿಗೆ ಹೋಗಿ ಅಲ್ಲಿ 11-ಹೈಡ್ರಾಕ್ಸಿ ಟಿಎಚ್‌ಸಿ ಅನ್ನೋದಾಗಿ ಮೆದುಳಿಗೆ ಬರುತ್ತೆ, ಅದೂ ಚೆನ್ನಾಗೇ ಏರಿಸೋ ವಸ್ತು. ಶುರುವಾಗೋಕೇ ಅರ್ಧದಿಂದ ಎರಡು ಗಂಟೆ, ಇಳಿಯೋಕೆ ಆರೆಂಟು ಗಂಟೆ ಅಥವಾ ಇನ್ನೂ ಜಾಸ್ತಿ. ಮಕ್ಕಳು ಸಿಕ್ಕಿಬೀಳೋದು ಇಲ್ಲೇ. ಮೊದಲನೇದು ಕೆಲ್ಸ ಮಾಡ್ಲಿಲ್ಲ ಅಂತ ಎರಡನೇದು.

ಸಣ್ಣ ಮಕ್ಕಳಿಗೆ ಇನ್ನೂ ಕಷ್ಟ, ತೂಕ ಕಮ್ಮಿ, ರುಚಿ ನೋಡಿದ್ರೆ ಮಿಠಾಯಿ, ಒಂದಕ್ಕೆ ನಿಲ್ಸಲ್ಲ. ಅಮೆರಿಕದಲ್ಲಿ 6 ವರ್ಷದೊಳಗಿನ ಮಕ್ಕಳು ಹೀಗೆ ತಿಂದ ಪ್ರಕರಣ, ವಿಷ ತಿಂದಾಗ ಸಲಹೆ ಕೊಡೋ ಪಾಯ್ಸನ್ ಸೆಂಟರ್‌ಗಳಿಗೆ 2017ರಲ್ಲಿ 207 ಬಂದಿತ್ತು, 2021ರಲ್ಲಿ 3,054. ಎಚ್ಚರ ಮಾಡಿದ್ರೂ ಏಳದಷ್ಟು ನಿದ್ದೆ, ನಡೆಯುವಾಗ ತೂರಾಡೋದು, ಕೆಲವೊಮ್ಮೆ ಉಸಿರಾಟ ನಿಧಾನ ಆಗೋದು. ಇಲ್ಲಿ ಲೈನ್‌ಮನೆ ಮಗು ಹಾಗೆ ಮಲಗಿಬಿಟ್ಟಿದ್ರೆ ಜ್ವರನೋ ದೃಷ್ಟಿನೋ ಅಂದ್ಕೊಂಡು ಬೆಳಗಿನವರೆಗೂ ಕಾಯ್ತಿದ್ರು, ದೊಡ್ಡಾಸ್ಪತ್ರೆ ಅಂದ್ರೆ ಮಡಿಕೇರಿಗೇ ಹೋಗ್ಬೇಕು. ಅದನ್ನ ನೆನೆಸ್ಕೊಂಡು ಎರಡು ರಾತ್ರಿ ನಿದ್ದೆ ಇಲ್ಲ, ಗಮ್ಮಿ ಇಲ್ಲದೇನೂ.

ಈಗ, ಅಂಗಡೀಲೇ ಮಾರ್ತಾರಲ್ಲ ಅನ್ನೋ ಮಾತಿಗೆ ಉತ್ತರ. ಅಮೆರಿಕದ ಕೃಷಿ ಕಾನೂನು, 2018ರ ಫಾರ್ಮ್ ಬಿಲ್‌ನಲ್ಲಿ ಹೆಂಪ್ ಅಂದ್ರೆ ಒಣ ತೂಕದಲ್ಲಿ ಡೆಲ್ಟಾ 9 ಶೇ. 0.3 ಮೀರಬಾರದು ಅಂತ ಬರೆದ್ರು, ಡೆಲ್ಟಾ 8 ಹೆಸರೇ ಎತ್ತಲಿಲ್ಲ, ಆ ಸಂದೀಲಿ ಇಷ್ಟೂ ವ್ಯಾಪಾರ ನುಗ್ಗಿದ್ದು. ಲೆಕ್ಕ ಹಾಕಿ, 4 ಗ್ರಾಂ ಗಮ್ಮೀಲಿ ಶೇ. 0.3 ಅಂದ್ರೇ 12 ಮಿಲಿಗ್ರಾಂ, ಅಲ್ಲಿ ಒಂದು ಡೋಸ್ ಲೆಕ್ಕ 5 ಮಿಲಿಗ್ರಾಂ. ಕೆನಡಾದಲ್ಲಿ ತಿನ್ನೋ ಪದಾರ್ಥದ ಇಡೀ ಪ್ಯಾಕೆಟ್ಟಿಗೇ 10 ಮಿಲಿಗ್ರಾಂ ಮಿತಿ. 2025ರ ನವೆಂಬರಲ್ಲಿ ಅಮೆರಿಕದಲ್ಲೂ ಹೊಸ ಕಾನೂನು ಮಾಡಿದ್ರು, ಒಂದು ಡಬ್ಬಿಗೆ ಎಲ್ಲ ಥರದ ಟಿಎಚ್‌ಸಿ ಸೇರಿ 0.4 ಮಿಲಿಗ್ರಾಂ, ಜಾರಿಗೆ ಒಂದು ವರ್ಷದ ಗಡುವು ಇಟ್ಟು. ಮೂತ್ರ ಪರೀಕ್ಷೆ ಮಾಡಿದ್ರೆ ಡೆಲ್ಟಾ 8 ತಿಂದೋನೂ ಗಾಂಜಾ ಪಾಸಿಟಿವ್ ಬರಬಹುದು, ಅಂಗಡಿ ಬಿಲ್ ತೋರ್ಸಿದ್ರೆ ಎಚ್‌ಆರ್ ಕೇಳಲ್ಲ. ಸಿಟಿಜನ್‌ಶಿಪ್ಪಿಗೆ ಅರ್ಜಿ ಹಾಕೋರು ಗಮನಿಸಿ, ರಾಜ್ಯದಲ್ಲಿ ಲೀಗಲ್ ಆಗಿದ್ರೂ ಗಾಂಜಾ ಬಳಕೆ ತೊಂದರೆ ತರಬಹುದು ಅಂತ 2019ರಲ್ಲೇ ಇಮಿಗ್ರೇಶನ್‌ನೋರು ಸ್ಪಷ್ಟ ಮಾಡಿದಾರೆ.

ಇನ್ನು ನಮ್ಮ ದೇಶದ ಮಾದಕ ವಸ್ತು ಕಾನೂನು, ಎನ್‌ಡಿಪಿಎಸ್ 1985. ಟೆಕ್ಸಾಸ್ ಅಂಗಡಿ ಲೇಬಲ್ಲು ದೇವನಹಳ್ಳಿ ಏರ್‌ಪೋರ್ಟಲ್ಲಿ ನಡೆಯಲ್ಲ. ಮಾದಕ ವಸ್ತು ಬೇರೆ ಏನಕ್ಕಾದ್ರೂ ಬೆರೆತಿದ್ರೆ ಬೆರಕೆಯ ಪೂರ್ತಿ ತೂಕನೇ ಲೆಕ್ಕ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅಂದ್ರೆ ಗಮ್ಮೀಲಿರೋ ಸಕ್ಕರೆನೂ ತೂಕಕ್ಕೆ ಬರುತ್ತೆ. ಸಕ್ಕರೆಗೆ ಜೈಲು ನೋಡೋದು ಯಾರಿಗೆ ಬೇಕು. ನಾನು ಗೊತ್ತಿಲ್ದೇ ದಾಟಿ ಬಂದಿದೀನಿ, ಹೊರಡೋ ಮುಂಚೆ ಪೌಚ್, ಕಾರಿನ ಡ್ರಾಯರ್ ಎಲ್ಲ ಒಂದ್ಸಲ ತಡಕಾಡಿ, ಮಕ್ಕಳ ಬ್ಯಾಗಿಗಿಂತ ಮೊದಲು ನಿಮ್ದು.

ಇದಕ್ಕೆ ಬಂದ ಕಾಮೆಂಟು, ನನ್ನ ಉತ್ತರದ ಜೊತೆ. ಟೊರೊಂಟೊದಿಂದ ಒಬ್ರು, ಮೂಲ ಗೋಣಿಕೊಪ್ಪ: ಚೆನ್ನಾಗಿ ಬರ್ದಿದೀರ ಅಣ್ಣ, ಆದ್ರೆ ನಮ್ ಕಡೆ ಮದ್ವೇಲಿ ಮಕ್ಕಳ ಎದುರಿಗೇ ಗ್ಲಾಸ್ ಎತ್ತುತ್ತೀವಿ, ಹೋಮ್‌ಸ್ಟೇ ವೈನು ಬೇರೆ. ನನ್ನ ಮಗಳು ಅದನ್ನೇ ಕೇಳ್ತಾಳೆ, ನೀವು ಕುಡಿಯೋದು ಸಂಪ್ರದಾಯ, ನಾವು ತಿಂದ್ರೆ ಡ್ರಗ್ಸಾ ಅಂತ. ಏನ್ ಹೇಳೋದು?

ಅವಳ ಪ್ರಶ್ನೆ ಸರಿಯಾಗೇ ಇದೆ ತಂಗಿ. ಮದ್ಯ ಸಾಚಾ ಅಂತ ವಾದ ಮಾಡೋಕೆ ಹೋದ್ರೆ ಸೋಲ್ತೀವಿ. ನಾನು ಮಗನಿಗೆ ಹೇಳಿದ್ದು ಇಷ್ಟೇ, ಮೆದುಳು 25ರ ತನಕ ಬೆಳೀತಾ ಇರುತ್ತೆ, ಈಗ ಎರಡೂ ಬೇಡ. ಎಲ್ಲಾದ್ರೂ ಯಾರಾದ್ರೂ ಕೊಟ್ಟು ತಿಂದುಬಿಟ್ರೆ ಗಾಡಿ ಮುಟ್ಟಬೇಡ, ನನಗೆ ಫೋನ್ ಮಾಡು, ಆ ರಾತ್ರಿ ಬೈಯಲ್ಲ.

ಮೊದಲು ಪ್ರಶ್ನೆ ಕೇಳಿದ ಅಕ್ಕ: ಆ ಪ್ಯಾಕೆಟ್ ಏನ್ ಮಾಡಿದ್ರಿ? ಮಗ ಮಾತಾಡ್ತಿದಾನಾ?

ಬಚ್ಚಲ ಹಂಡೆ ಒಲೆಗೆ ಹಾಕ್ದೆ ಅಕ್ಕ, ಅಂಟು ಅಂಟಾಗಿ ಕರಗಿ ಉರೀತು, ಅಮ್ಮನಿಗೆ ಒಲೆ ಹಾಳಾಯ್ತು ಅಂತ ಸಿಟ್ಟು. ಮಗನ ಹತ್ರ ಎಲ್ಲರ ಮುಂದೆ ಬೈದಿದ್ದಕ್ಕೆ ಎಲ್ಲರ ಮುಂದೇನೇ ಕ್ಷಮೆ ಕೇಳ್ದೆ. ಒಂದೂವರೆ ದಿನ ಮಾತಾಡ್ಲಿಲ್ಲ. ಈಗ ಅಜ್ಜಿ ಪಕ್ಕ ಕೂತ್ಕೊಂಡಿದಾನೆ, ಅವ್ರು ಒಂದೊಂದೇ ಚಾಕಲೇಟ್ ಎತ್ತಿ ಹಿಡೀತಾರೆ, ಅವ್ನು ಹಿಂದಿನ ಸಣ್ಣಕ್ಷರ ಎಲ್ಲ ಓದಿ ಹೂಂ ಅಂದ್ಮೇಲೇ ಅದು ಲೈನ್‌ಮನೆ ಬುಟ್ಟಿಗೆ ಹೋಗೋದು.