‘ಕಾನೂನು ಸುಧಾರಣೆ’: ಸುಧಾರಿಸುವವರು ಯಾರು?

ಕಾನೂನು ಆಯೋಗದ ಕೆಲಸವನ್ನು ಪರಿಚಯಿಸುವ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ವಾಕ್ಯದಲ್ಲೇ ಬರುವ ‘ಕಾನೂನು ಸುಧಾರಣೆ’ ಎಂಬ ಪದ ಎರಡು ದಿನಗಳಿಂದ ನನ್ನನ್ನು ಮುಂದಕ್ಕೆ ಬಿಡುತ್ತಿಲ್ಲ.

ನಾಮಪದವಾಗಿ ‘ಸುಧಾರಣೆ’ ಗಟ್ಟಿಯಾಗಿಯೇ ಇದೆ. ಭೂಸುಧಾರಣೆ, ಸಮಾಜ ಸುಧಾರಣೆ ಎಂಬ ಬಳಕೆಗಳು ನೆಲೆನಿಂತು ಬಹಳ ಕಾಲವಾಯಿತು. ಆದರೆ ಅದರ ಕ್ರಿಯಾಪದ ಆಡುಮಾತಿನಲ್ಲಿ ಬೇರೆಯೇ ದಾರಿ ಹಿಡಿದಿದೆ. ಜ್ವರ ಬಿಟ್ಟವರು ಸುಧಾರಿಸಿಕೊಳ್ಳುತ್ತಾರೆ, ಮೆಟ್ಟಿಲು ಹತ್ತಿ ಬಂದವರಿಗೆ ‘ಸ್ವಲ್ಪ ಸುಧಾರಿಸಿಕೊಳ್ಳಿ’ ಎನ್ನುತ್ತೇವೆ, ಕೈ ಬಿಗಿಯಾದಾಗ ಇದ್ದುದರಲ್ಲೇ ಹೇಗೋ ಸುಧಾರಿಸುತ್ತೇವೆ. ಹಾಗಾಗಿ ‘ಆಯೋಗವು ಕಾನೂನನ್ನು ಸುಧಾರಿಸುತ್ತದೆ’ ಎಂದು ಬರೆದೊಡನೆ ಕಾನೂನು ಹಾಸಿಗೆ ಹಿಡಿದಿತ್ತೇನೋ ಎಂಬ ಧ್ವನಿ ಇಣುಕುತ್ತದೆ. (ಕೆಲವು ಕಾನೂನುಗಳ ಮಟ್ಟಿಗೆ ಅದು ಸುಳ್ಳೂ ಅಲ್ಲವೆನ್ನಿ.)

ಇದಕ್ಕಿಂತ ದೊಡ್ಡ ತೊಡಕು ಆ ವಾಕ್ಯದ ಕರ್ತೃಪದದಲ್ಲಿದೆ. 1955ರಲ್ಲಿ ಎಂ. ಸಿ. ಸೆಟಲ್ವಾಡ್ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ, ಸ್ವತಂತ್ರ ಭಾರತದ ಮೊದಲ ಕಾನೂನು ಆಯೋಗದಿಂದ ಮೊದಲ್ಗೊಂಡು ಇಂದಿನವರೆಗಿನ ಆಯೋಗಗಳೆಲ್ಲ ಕೇಂದ್ರ ಸರ್ಕಾರದ ಆದೇಶದ ಮೇಲೆ, ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಗೆ, ರಚನೆಯಾದಂಥವು. ಅವುಗಳ ಬೆನ್ನಿಗೆ ಪ್ರತ್ಯೇಕ ಕಾಯಿದೆಯಿಲ್ಲ, ಅವು ಕೊಡುವ ವರದಿಗೆ ಸರ್ಕಾರ ಬದ್ಧವೂ ಅಲ್ಲ. ದಂಡ ಪ್ರಕ್ರಿಯೆಯ ಬಗ್ಗೆ 1969ರಲ್ಲಿ ಬಂದ 41ನೇ ವರದಿ 1973ರ ಹೊಸ ಸಂಹಿತೆಗೆ ಆಧಾರವಾಯಿತು. ಭಯೋತ್ಪಾದನೆಗೆ ಸಂಬಂಧಿಸಿದ ಅಪರಾಧಗಳು ಮತ್ತು ದೇಶದ ವಿರುದ್ಧದ ಯುದ್ಧವನ್ನು ಬಿಟ್ಟು ಉಳಿದ ಅಪರಾಧಗಳಿಗೆ ಮರಣದಂಡನೆಯನ್ನು ಕೈಬಿಡಬೇಕೆಂದು 2015ರಲ್ಲಿ ಹೇಳಿದ 262ನೇ ವರದಿಯ ಗತಿ ಹಾಗಾಗಲಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಕೊಲೆಗೆ ಆ ಶಿಕ್ಷೆ ಉಳಿದಿದೆ. ಸುಧಾರಿಸುವುದೋ ಬಿಡುವುದೋ ಶಾಸಕಾಂಗಕ್ಕೆ ಸೇರಿದ್ದು. ಆದ್ದರಿಂದ ಆಯೋಗಕ್ಕೆ ‘ಪರಿಶೀಲಿಸು’, ‘ಶಿಫಾರಸು ಮಾಡು’ ಎಂಬ ಕ್ರಿಯಾಪದಗಳನ್ನಷ್ಟೇ ಕೊಟ್ಟು, ‘ತಿದ್ದುಪಡಿ’ಯನ್ನು ಶಾಸಕಾಂಗಕ್ಕೆ ಮೀಸಲಿಡುವುದು ಸರಿ ಎಂದು ನನ್ನ ಎಣಿಕೆ.

‘ಪರಿಷ್ಕರಣೆ’ ಎಂದರಾಗದೇ ಎಂದು ಕೆಲವರು ಕೇಳಬಹುದು. ವೇತನ ಪರಿಷ್ಕರಣೆ, ಪಠ್ಯ ಪರಿಷ್ಕರಣೆ ಎನ್ನುವಾಗ ಇರುವುದನ್ನೇ ತಿದ್ದಿ ಉಳಿಸಿಕೊಳ್ಳುವ ಭಾವವಿದೆ. ಆಯೋಗವಾದರೋ ಇಲ್ಲದ ಕಾನೂನನ್ನು ತರಬೇಕೆಂದೂ ಹೇಳುತ್ತದೆ, ಬಳಕೆ ತಪ್ಪಿದ್ದನ್ನು ಕಿತ್ತುಹಾಕಿ ಎಂದೂ ಹೇಳುತ್ತದೆ. 2014ರ 248ನೇ ವರದಿಯ ವಿಷಯವೇ ಹಳತಾದ ಕಾನೂನುಗಳು. ಈ ಕಿತ್ತುಹಾಕುವ ಕೆಲಸಕ್ಕೆ ಪತ್ರಿಕೆಗಳು ‘ರದ್ದು’ ಎನ್ನುತ್ತವೆ, ಆದರೆ ನ್ಯಾಯಾಲಯ ಅಸಿಂಧುವೆಂದು ಸಾರಿದ ಕಾನೂನಿಗೂ ಅದೇ ಪದ ಬೀಳುತ್ತದೆ. ನಮ್ಮ ಅಧಿನಿಯಮಗಳ ಕೊನೆಯ ಪ್ರಕರಣದ ಶೀರ್ಷಿಕೆ ‘ನಿರಸನ ಮತ್ತು ಉಳಿಸುವಿಕೆ’ ಎಂದಿರುವುದನ್ನು ನೋಡಿದವರಿದ್ದೀರಿ. ಕಿವಿಗೆ ಒರಟಾದರೂ ‘ನಿರಸನ’ವೇ ಇಲ್ಲಿ ನಿಖರವಾದ ಪದ. ಹಿಂದಿಯ ‘ವಿಧಿ ಆಯೋಗ’ವನ್ನು ಎರವಲು ತರುವ ಮಾತಂತೂ ಬೇಡ: ಕನ್ನಡದ ವಿಧಿ ಒಂದೋ ಹಣೆಬರಹ, ಇಲ್ಲವೇ ಸಂವಿಧಾನದ 14ನೆಯದೋ 21ನೆಯದೋ ಆಗಿರುತ್ತದೆ.

ಹೀಗೆ ತೂಗಿ ನೋಡಿ, ನಾಮಪದದ ಮಟ್ಟಿಗೆ ‘ಕಾನೂನು ಸುಧಾರಣೆ’ಯನ್ನೇ ಉಳಿಸಿಕೊಂಡು ಕ್ರಿಯಾಪದವನ್ನು ಕೈಬಿಟ್ಟಿದ್ದೇನೆ. ಬಗೆಹರಿಯದೆ ಉಳಿದಿರುವುದು ‘ಕ್ರೋಡೀಕರಣ’. ಒಂದೇ ವಿಷಯದ ಹತ್ತಾರು ಕಾಯಿದೆಗಳನ್ನು, ಅವುಗಳ ತಿರುಳನ್ನು ಬದಲಿಸದೆ, ಒಂದೇ ಕಾಯಿದೆಯಾಗಿ ಹೊಂದಿಸುವುದು ಒಂದು ಕೆಲಸ. 1834ರ ಆಯೋಗದಲ್ಲಿ ಮೆಕಾಲೆ ದಂಡ ಸಂಹಿತೆಯ ಕರಡನ್ನು ಸಿದ್ಧಪಡಿಸಿದಂತೆ ಒಂದು ಇಡೀ ಕ್ಷೇತ್ರಕ್ಕೆ ಸಂಹಿತೆಯನ್ನು ಕಟ್ಟುವುದು ಇನ್ನೊಂದು. ಎರಡಕ್ಕೂ ನಾವು ‘ಕ್ರೋಡೀಕರಣ’ ಎಂದೇ ಬರೆಯುತ್ತಿದ್ದೇವೆ. ಮೊದಲನೆಯದಕ್ಕೆ ‘ಏಕೀಕರಣ’ ಹೊಳೆಯಿತು, ಆದರೆ ಆ ಪದ ಕೇಳಿದೊಡನೆ ಕನ್ನಡಿಗರ ಮನಸ್ಸು 1956ಕ್ಕೆ ಹೋಗುತ್ತದೆ. ವಕೀಲಿಕೆಯಲ್ಲೋ ಶಾಸನಗಳ ಭಾಷಾಂತರದಲ್ಲೋ ಪಳಗಿದವರು ಈ ಎರಡನ್ನೂ ಬೇರ್ಪಡಿಸುವ ಪದಗಳನ್ನು ಬಳಸುತ್ತಿದ್ದರೆ ದಯವಿಟ್ಟು ತಿಳಿಸಬೇಕು.